ಹಳೇ ಬಾಟಲಿ, ಉಪ್ಪು ನೀರು: ಕಾರು ತೊಳೆಯುವ ಶಾಂಪೂಗೆ ವಯಸ್ಸಾಗುತ್ತಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತುಸು ತಿದ್ದಲಾಗಿದೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)



ಇವತ್ತಿನ ಪ್ರಶ್ನೆ ಬಹಳ ಚಿಕ್ಕದು. ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಬಿದ್ದಿರುವ ಅರ್ಧ ಬಾಟಲಿ ಶಾಂಪೂ, ಮೂರು ವರ್ಷದ ಹಿಂದೆ ತಂದ ಪಾಲಿಶ್ ಡಬ್ಬಿ, ಡ್ಯಾಶ್‌ಬೋರ್ಡ್ ಒರೆಸುವ ಹೊಳಪಿನ ದ್ರವ. ಇವೆಲ್ಲ ಹಳೆಯದಾದರೆ ಶಕ್ತಿ ಕಳೆದುಕೊಳ್ತವಾ? ಎಸೆಯಬೇಕಾ, ಬಳಸಬಹುದಾ?

ಇದರಲ್ಲೇನಪ್ಪ ಇತಿಹಾಸ ಅಂತ ನೀವು ಕೇಳಬಹುದು. ಇದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಕಡೆಯಿಂದ ನೋಡಿದರೆ ಈ ಪ್ರಶ್ನೆಗೆ ಇನ್ನೂರು ವರ್ಷಕ್ಕಿಂತ ಹೆಚ್ಚು ವಯಸ್ಸು. ಕೊಳೆ ತೆಗೆಯುವ ಯಾವ ವಸ್ತು ಎಷ್ಟು ದಿನ ಉಳಿಯುತ್ತೆ, ಯಾವುದನ್ನ ಹೇಗೆ ಇಟ್ಟುಕೊಳ್ಳಬೇಕು ಅನ್ನೋದು ಇಲ್ಲಿಯ ಜನ ಕಾರು ನೋಡೋದಕ್ಕೆ ಮುಂಚೆಯೇ ಬಲ್ಲವರಾಗಿದ್ದರು. ಕಾರಣ, ಇದು ಮಳೆ ಕಡಿಮೆ, ನೀರು ಉಪ್ಪು, ಬಿಸಿಲು ಜಾಸ್ತಿ ಇರುವ ಸೀಮೆ. ಇಂಥ ಕಡೆ ಒಂದು ಸಲ ತೊಳೆದದ್ದು ಸರಿಹೋಗಲಿಲ್ಲ ಅಂದ್ರೆ ಇನ್ನೊಂದು ಸಲ ತೊಳೆಯೋಕೆ ನೀರಿರಲ್ಲ.

ಕೆರೆಯಂಗಳದ ಬಿಳಿ ಪುಡಿ

ಬೇಸಿಗೆಯಲ್ಲಿ ಈ ಕಡೆಯ ಕೆರೆಯಂಗಳದಲ್ಲೋ ಗದ್ದೆ ಬಯಲಿನ ತಗ್ಗಿನಲ್ಲೋ ನಡೆದು ಹೋಗಿ. ಅಲ್ಲಲ್ಲಿ ನೆಲದ ಮೇಲೆ ಬೂದಿ ಚೆಲ್ಲಿದ ಹಾಗೆ ಬಿಳಿ ಪುಡಿ ಎದ್ದಿರುತ್ತೆ. ಅದೇ ಚೌಳು. ಕೆಲವು ಕಡೆ ಸವಳು ಅಂತಾರೆ. ಬೇಸಾಯಗಾರನಿಗೆ ಇದು ಶತ್ರು, ಪೈರು ಏಳಲ್ಲ. ಆದರೆ ಮಡಿವಾಳರಿಗೆ ಇದೇ ಬಂಡವಾಳ. ಇದರಲ್ಲಿರೋದು ಮುಖ್ಯವಾಗಿ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಜೊತೆಗೆ ಒಂದಿಷ್ಟು ಉಪ್ಪು, ಒಂದಿಷ್ಟು ಮಣ್ಣು. ನೆಲದೊಳಗಿನ ತೇವ ಬಿಸಿಲಿಗೆ ಮೇಲೆ ಬಂದು ಆವಿಯಾಗುತ್ತೆ, ಅದು ಹೊತ್ತು ತಂದ ಲವಣ ಮೇಲೆಯೇ ಉಳಿದುಬಿಡುತ್ತೆ.

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದ ಮೇಲೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. ಶಿರಾ, ಮಧುಗಿರಿಗಳನ್ನೂ ಹಾದುಹೋದ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಬಂತು. ಮಧುಗಿರಿ ಸುತ್ತಮುತ್ತ ಕಬ್ಬಿಣ ಕರಗಿಸುವ, ಉಕ್ಕು ಮಾಡುವ ಬಗೆಯನ್ನು ಅವನು ವಿವರವಾಗಿ ಬರೆದಿದ್ದಾನೆ. ಶಿರಾದಿಂದಾಚೆ, ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುವವರ ಕುಲುಮೆಯನ್ನೂ ಕಂಡ. ಗಾಜು ಕರಗಬೇಕಾದರೆ ಸೋಡಾ ಬೇಕು. ಆ ಸೋಡಾ ಬರುತ್ತಿದ್ದದ್ದು ಇಂಥದೇ ನೆಲದಿಂದ. ಅಂದರೆ ಬಟ್ಟೆ ಒಗೆಯುವವರೂ ಬಳೆ ಮಾಡುವವರೂ ಒಂದೇ ಬಿಳಿ ಪುಡಿಗೆ ಕಾಯುತ್ತಿದ್ದ ಕಾಲ ಅದು.

ಈ ಚೌಳಿಗೆ ಒಂದು ಗುಣ ಇದೆ. ಅದನ್ನು ಬೇಸಿಗೆಯಲ್ಲೇ ಕೆರೆದು ಒಟ್ಟಬೇಕು. ಒಂದು ಮಳೆ ಬಿದ್ದರೆ ಸಾಕು, ಪುಡಿಯೆಲ್ಲ ಕರಗಿ ನೆಲಕ್ಕೆ ಇಳಿದುಹೋಗುತ್ತೆ. ಆದರೆ ಒಣಗಿದ್ದನ್ನು ತಂದು ಮಳೆ ತಾಗದ ಕಡೆ ಇಟ್ಟರೆ ಎಷ್ಟು ವರ್ಷವಾದರೂ ಕೆಡಲ್ಲ. ನಾವು ಅಂಗಡಿಯಲ್ಲಿ ಕೊಳ್ಳುವ ವಾಷಿಂಗ್ ಸೋಡಾ ಕೂಡ ಹಾಗೇನೆ. ಹರಳು ಹರಳಾಗಿದ್ದದ್ದು ಗಾಳಿಗೆ ಬಿಟ್ಟರೆ ತನ್ನೊಳಗಿನ ನೀರು ಬಿಟ್ಟುಕೊಟ್ಟು ಪುಡಿಯಾಗುತ್ತೆ. ನೋಡೋಕೆ ಹಾಳಾದ ಹಾಗೆ ಕಾಣುತ್ತೆ. ನಿಜವಾಗಿ ತೂಕಕ್ಕೆ ತೂಕ ಹೋಲಿಸಿದರೆ ಆ ಹಳೇ ಪುಡಿಯಲ್ಲೇ ಸೋಡಾ ಜಾಸ್ತಿ. ವಯಸ್ಸಾದಂತೆ ಗಟ್ಟಿಯಾಗುವ ಕ್ಲೀನರ್ ಅಂದರೆ ಇದು!

ಒಣಗಿದ್ದು ಉಳಿಯುತ್ತೆ, ನೆನೆದದ್ದು ಉಳಿಯಲ್ಲ

ಮನೆಯ ಕಡೆ ಬನ್ನಿ. ಸೀಗೆಕಾಯಿ, ಅಂಟುವಾಳ, ಒಲೆಯ ಬೂದಿ, ಹುಣಸೆಹಣ್ಣು, ಸುಣ್ಣ. ಡಬ್ಬಿ, ಬಾಟಲಿ ಇಲ್ಲದ ಕಾಲದ ಕ್ಲೀನಿಂಗ್ ಕಿಟ್ ಇದು. ಒಂದೊಂದರ ಆಯಸ್ಸೂ ಬೇರೆ ಬೇರೆ, ಅದು ಮನೆಯವರಿಗೆಲ್ಲ ಗೊತ್ತಿತ್ತು.

ಸೀಗೆಕಾಯಿಯನ್ನ ಬಿಸಿಲಿಗೆ ಹಾಕಿ, ಗಲಗಲ ಅನ್ನೋ ತನಕ ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಇರುತ್ತೆ. ಅಂಟುವಾಳವೂ ಹಾಗೇ. ಆದರೆ ಅಂಟುವಾಳವನ್ನ ರಾತ್ರಿ ನೀರಿಗೆ ಹಾಕಿದಿರಿ ಅಂದ್ರೆ ಬೆಳಗ್ಗೆ ಬಳಸಿ ಮುಗಿಸಬೇಕು. ಎರಡು ದಿನ ಬಿಟ್ಟರೆ ಹುಳಿ ವಾಸನೆ, ನಾಲ್ಕನೇ ದಿನಕ್ಕೆ ಬಗ್ಗಡ. ಕಾಯಿಯೊಳಗಿನ ನೊರೆ ಕೊಡುವ ಅಂಶ, ಸ್ಯಾಪೊನಿನ್, ಅದು ಸೂಕ್ಷ್ಮಜೀವಿಗಳಿಗೂ ಊಟ. ಒಣಗಿದ್ದಾಗ ಅವು ಬದುಕಲ್ಲ, ನೀರು ಸೇರಿದ ತಕ್ಷಣ ಪಂಕ್ತಿ ಶುರು.

ಬೂದಿಯೂ ಒಣಗಿದ್ದರೆ ಸರಿ. ತೇವ ಹಿಡಿದರೆ ಅದರೊಳಗಿನ ಕ್ಷಾರ ನೀರಾಗಿ ಇಳಿದು ಹೋಗುತ್ತೆ, ಉಳಿಯೋದು ಬರೀ ಬೂದು ಮಣ್ಣು. ಸುಣ್ಣದ್ದು ಇನ್ನೊಂದು ಕಥೆ. ಹೊಸದಾಗಿ ಸುಟ್ಟ ಸುಣ್ಣ ನೀರು ಮುಟ್ಟಿದರೆ ಕುದಿಯುತ್ತೆ. ಅದನ್ನೇ ಗಾಳಿಗೆ ತೆರೆದಿಟ್ಟರೆ ಮೊದಲು ತೇವ ಹೀರಿ, ಆಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ, ಕೊನೆಗೆ ಕಲ್ಲಿನ ಪುಡಿ ಆಗಿಬಿಡುತ್ತೆ. ಅಂದರೆ ಸುಡುವುದಕ್ಕೆ ಮೊದಲು ಏನಾಗಿತ್ತೋ ಅದೇ.

ಇನ್ನು ಹುಣಸೆ. ಈ ನಾಲ್ಕೂ ತಾಲ್ಲೂಕುಗಳ ಹೊಲದ ಬದುವಿನ ಮರ ಅದು. ತುಮಕೂರಿನ ಹುಣಸೆ ಮಾರುಕಟ್ಟೆ ರಾಜ್ಯಕ್ಕೇ ಗೊತ್ತು. ಹೊಸ ಹುಣಸೆ ಕೆಂಪಗಿರುತ್ತೆ, ವರ್ಷ ಕಳೆದ ಹಾಗೆ ಕಪ್ಪಾಗುತ್ತೆ. ಬಣ್ಣ ಹೋಯಿತು ಅಂತ ಶಕ್ತಿ ಹೋಗಲ್ಲ. ಅದರೊಳಗಿನ ಟಾರ್ಟಾರಿಕ್ ಆಮ್ಲ ಆವಿಯಾಗುವಂಥದ್ದಲ್ಲ. ಹಬ್ಬದ ಹಿಂದಿನ ದಿನ ಹಿತ್ತಾಳೆ ಬಿಂದಿಗೆ ಬೆಳಗಲು ಅಜ್ಜಿಯರು ಹಳೇ ಹುಣಸೆಯನ್ನೇ ತೆಗೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಹೊಸದು ಸಾರಿಗೆ, ಹಳೇದು ಬೆಳಗೋಕೆ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಪ್ರಶ್ನೆಗೆ ಉತ್ತರ ಅರ್ಧ ಇಲ್ಲೇ ಇದೆ. ವಸ್ತು ಹಳೆಯದಾ ಹೊಸದಾ ಅನ್ನೋದಕ್ಕಿಂತ ಅದು ಒಣಗಿದೆಯಾ ನೆನೆದಿದೆಯಾ, ಮುಚ್ಚಿದೆಯಾ ತೆರೆದಿದೆಯಾ, ನೆರಳಲ್ಲಿದೆಯಾ ಬಿಸಿಲಲ್ಲಿದೆಯಾ ಅನ್ನೋದೇ ಮುಖ್ಯ. ಕ್ಯಾಲೆಂಡರ್ ಆಮೇಲೆ.

ಸೋಪು ಬಂತು, ನೀರು ಒಪ್ಪಲಿಲ್ಲ

1791ರಲ್ಲಿ ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್ ಅಡುಗೆ ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. 1860ರ ದಶಕದಲ್ಲಿ ಬೆಲ್ಜಿಯಂನ ಸಾಲ್ವೆ ಅದಕ್ಕಿಂತ ಅಗ್ಗದ ದಾರಿ ಕಂಡುಹಿಡಿದ. ಕಾರ್ಖಾನೆ ಸೋಡಾ ಹಡಗು ಹತ್ತಿ ಬಂದ ಮೇಲೆ ಕೆರೆಯಂಗಳದ ಚೌಳನ್ನು ಕೆರೆಯುವವರು ಕಡಿಮೆಯಾದರು. 1888ರಲ್ಲಿ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಕಲ್ಕತ್ತ ಬಂದರಿಗೆ ಬಂದಿಳಿದವು. ನಮ್ಮ ಮೈಸೂರು ಸಂಸ್ಥಾನದಲ್ಲಿ ಮೊದಲ ಮಹಾಯುದ್ಧದಿಂದಾಗಿ ಶ್ರೀಗಂಧದ ರಫ್ತು ನಿಂತಾಗ, ಗಂಧದೆಣ್ಣೆಯನ್ನು ಇಲ್ಲೇ ತೆಗೆದು, 1918ರ ಹೊತ್ತಿಗೆ ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆಯೇ ಶುರುವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದ ಯೋಜನೆ ಅದು. ಸೋಪು ತಯಾರಿಕೆ ಕಲಿತು ಬಂದ ಎಸ್.ಜಿ. ಶಾಸ್ತ್ರಿಗಳ ಹೆಸರು ಮೈಸೂರು ಸ್ಯಾಂಡಲ್ ಜೊತೆ ಇವತ್ತಿಗೂ ಸೇರಿಕೊಂಡಿದೆ.

ಸೋಪಿನ ಗಟ್ಟಿಗೂ ವಯಸ್ಸಿನ ಪ್ರಶ್ನೆ ಇದೆ, ಅದಕ್ಕೂ ಮನೆಗಳಲ್ಲಿ ಉತ್ತರ ಇತ್ತು. 501 ಬಾರ್ ತಂದ ಮನೆಯಲ್ಲಿ ಅದನ್ನು ತುಂಡು ಮಾಡಿ ಅಟ್ಟದ ಮೇಲೆ ಒಣಗಲು ಇಡುತ್ತಿದ್ದರು. ಒಣಗಿದ ಸೋಪು ಬೇಗ ಕರಗಲ್ಲ, ಹೆಚ್ಚು ದಿನ ಬರುತ್ತೆ. ಪರಿಮಳ ಹೋಗಬಹುದು, ಕೊಳೆ ತೆಗೆಯುವ ಗುಣ ಹೋಗಲ್ಲ.

ಆದರೆ ಸೋಪಿಗೆ ಒಂದು ವೈರಿ ಇದೆ, ಅದು ನಮ್ಮ ಬೋರ್‌ವೆಲ್ ನೀರು. ಕಲ್ಲಿನ ಪದರಗಳ ನಡುವೆ ಬಹಳ ಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಕೊಂಡಿರುತ್ತೆ. ಇದನ್ನೇ ಗಡಸು ನೀರು ಅನ್ನೋದು. ಪಾವಗಡ ಅಂದ ಕೂಡಲೇ ಎಲ್ಲರಿಗೂ ಫ್ಲೋರೈಡ್ ನೆನಪಾಗುತ್ತೆ. ಫ್ಲೋರೈಡ್ ಹಲ್ಲು, ಮೂಳೆಯ ವಿಚಾರ. ತೊಳೆಯೋದಕ್ಕೆ ಅಡ್ಡ ಬರೋದು ಗಡಸುತನ. ಎರಡೂ ಬೇರೆ ಬೇರೆ.

ಒಂದು ಲೆಕ್ಕ ಹೇಳ್ತೀನಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು. ಬೇರೆ ನೀರು ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ಆ 600ರ ನೀರನ್ನ 20 ಲೀಟರ್ ಬಕೆಟ್ಟಿಗೆ ತುಂಬಿ ಅಂತಿಟ್ಟುಕೊಳ್ಳಿ. ಅದರಲ್ಲಿ ಗಡಸು ಲವಣ 12 ಗ್ರಾಂ. ಒಂದು ಗ್ರಾಂ ಲವಣ ಸುಮಾರು ಆರು ಗ್ರಾಂ ಸೋಪನ್ನು ಹಿಡಿದು ಬಿಳಿ ಕೆನೆ ಮಾಡಿಬಿಡುತ್ತೆ. ಅಂದರೆ ಕೊಳೆ ಮುಟ್ಟುವುದಕ್ಕೆ ಮುಂಚೆಯೇ 70 ಗ್ರಾಂಗೂ ಹೆಚ್ಚು ಸೋಪು, ಹೆಚ್ಚುಕಮ್ಮಿ ಒಂದು ಸಣ್ಣ ಬಿಲ್ಲೆಯಷ್ಟು, ಆ ಬಕೆಟ್ಟಿನಲ್ಲೇ ಸತ್ತುಹೋಯಿತು. ‘ಈ ಸೋಪು ಸರಿ ಇಲ್ಲ, ನೊರೇನೇ ಬರಲ್ಲ’ ಅನ್ನುವ ಮಾತು ಎಷ್ಟು ಮನೆಯಲ್ಲಿ ಕೇಳಿಲ್ಲ ಹೇಳಿ? ಬೈಸಿಕೊಂಡದ್ದು ಸೋಪು, ತಪ್ಪು ಮಾಡಿದ್ದು ನೀರು.

ಈಗ ಹಳೇ ಪದ್ಧತಿಯನ್ನು ಮತ್ತೆ ನೋಡಿ. ಚೌಳು ಹಾಕಿದರೆ ಅದರ ಸೋಡಾ ಮೊದಲು ನೀರಿನ ಕ್ಯಾಲ್ಸಿಯಂ ಅನ್ನು ಹಿಡಿದು ಕೆಳಗೆ ಕೂರಿಸುತ್ತೆ, ನೀರು ಮೆದುವಾಗುತ್ತೆ. ಅಂಟುವಾಳದ ಸ್ಯಾಪೊನಿನ್ ಕ್ಯಾಲ್ಸಿಯಂ ಜೊತೆ ಸೇರಿ ಕೆನೆಗಟ್ಟುವುದೇ ಇಲ್ಲ. ಮಡಿವಾಳರು ಬಟ್ಟೆಯನ್ನು ಚೌಳು ನೀರಲ್ಲಿ ಅದ್ದಿ ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸುತ್ತಿದ್ದರು. ಈ ನೆಲದ ನೀರಿಗೆ ಈ ನೆಲದ ಮದ್ದು. ಹೊರಗಿನಿಂದ ಬಂದ ಸೋಪು ಬೇರೆ ಥರದ ನೀರಿಗೆ ಹುಟ್ಟಿದ್ದು.

1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ. ಈ ಡಿಟರ್ಜೆಂಟ್ ಪುಡಿಗಳು ಬಯಲುಸೀಮೆಯಲ್ಲಿ ಅಷ್ಟು ಬೇಗ ಮನೆ ಹೊಕ್ಕಿದ್ದಕ್ಕೆ ರೇಡಿಯೊ, ಟೀವಿಯ ಹಾಡು ಮಾತ್ರ ಕಾರಣವಲ್ಲ. ಡಿಟರ್ಜೆಂಟ್ ಗಡಸು ನೀರಿಗೆ ಸೋಪಿನಷ್ಟು ಬೇಗ ಸೋಲಲ್ಲ. ಜೊತೆಗೆ ಅದರಲ್ಲಿ ಸೋಡಾನೂ ಇರುತ್ತೆ. ನೋಡಿ, ಕೆರೆಯಂಗಳದ ಚೌಳು ಪ್ಯಾಕೆಟ್ ಹಾಕಿಕೊಂಡು ವಾಪಸ್ ಬಂತು.

ಕಾರು ಬಂದ ಮೇಲೆ

ಈ ತಾಲ್ಲೂಕುಗಳಲ್ಲಿ ಬಹಳ ಕಾಲ ಕಾರು ಅಂದರೆ ಅಂಬಾಸಿಡರ್. ಆಗಿನ ಬಣ್ಣ ಒಂದೇ ಪದರದ್ದು. ಬಿಸಿಲಿಗೆ ಮೇಲ್ಮೈ ಸುಣ್ಣದ ಹಾಗೆ ಮಂಕಾಗುತ್ತಿತ್ತು. ಪಾಲಿಶ್ ಹಾಕಿ ಉಜ್ಜಿದರೆ ಸತ್ತ ಪದರ ಬಟ್ಟೆಗೆ ಬಂದು, ಒಳಗಿನ ಬಣ್ಣ ಹೊಳೆಯುತ್ತಿತ್ತು. ಡ್ರೈವರ್‌ಗಳ ಹತ್ತಿರ ಒಂದು ತಗಡಿನ ಡಬ್ಬಿ ಮೇಣದ ಪಾಲಿಶ್, ಒಂದು ಬಾಟಲಿ ಸೀಮೆಎಣ್ಣೆ, ಒಂದು ಹಿಡಿ ಬನಿಯನ್ ವೇಸ್ಟ್ ಇದ್ದರೆ ಮುಗೀತು. ಮೇಣದ ಡಬ್ಬಿ ಬಿರುಕು ಬಿಟ್ಟರೆ ಯಾರೂ ಎಸೆಯುತ್ತಿರಲಿಲ್ಲ. ಬಿಸಿಲಲ್ಲಿ ಐದು ನಿಮಿಷ ಇಟ್ಟು ಮೆತ್ತಗೆ ಮಾಡಿ ಬಳಸುತ್ತಿದ್ದರು. ಅದು ಸರಿಯಾದ ಕೆಲಸವೇ. ಮೇಣ ಕೊಳೆಯುವ ವಸ್ತುವಲ್ಲ, ಹಾರಿಹೋಗೋದು ಅದನ್ನ ಮೆತ್ತಗೆ ಇಟ್ಟಿದ್ದ ದ್ರಾವಕ ಮಾತ್ರ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಆಮೇಲಿನ ದಶಕಗಳಲ್ಲಿ ಬಂದ ಕಾರುಗಳ ಬಣ್ಣದ ಮೇಲೆ ಗಾಜಿನಂತಹ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಸಾಮಾನ್ಯವಾಯಿತು. ಈ ಪದರ ಬಹಳ ತೆಳು. ನಮ್ಮ ಸೀಮೆಯ ಧೂಳು ಕಲ್ಲುಬೆಟ್ಟದ ಧೂಳು. ಮಧುಗಿರಿಯ ಏಕಶಿಲಾ ಬೆಟ್ಟದಿಂದ ಹಿಡಿದು ಪಾವಗಡದ ಕೋಟೆ ಬೆಟ್ಟದ ತನಕ ಎಲ್ಲ ಗ್ರಾನೈಟ್ ಜಾತಿಯ ಬಂಡೆ. ಅದರ ಪುಡಿಯಲ್ಲಿರುವ ಬೆಣಚುಕಲ್ಲಿನ ಕಣ ಕ್ಲಿಯರ್ ಕೋಟಿಗಿಂತ ಗಟ್ಟಿ. ಜಾರಿಕೆ ಇಲ್ಲದೆ ಉಜ್ಜಿದರೆ ಗೀರು ಖಂಡಿತ. ಶಾಂಪೂವಿನ ಮುಖ್ಯ ಕೆಲಸ ನೊರೆ ತೋರಿಸೋದಲ್ಲ, ಈ ಕಣಗಳನ್ನ ಎತ್ತಿ ಜಾರಿಸೋದು. ಹಾಗಾಗಿ ಬಾಟಲಿ ಸತ್ತಿದ್ದರೆ ನಷ್ಟ ಆಗೋದು ಬಾಟಲಿಯ ಇನ್ನೂರು ಮುನ್ನೂರು ರೂಪಾಯಿ ಮಾತ್ರ ಅಲ್ಲ. ಸಾಲ ಮಾಡಿ ಟ್ಯಾಕ್ಸಿ ತೆಗೆದವರಿಗೆ ಗಾಡಿ ಮಾರುವಾಗ ಸಿಗುವ ಬೆಲೆಯೂ ಹೋಗುತ್ತೆ.

ಬಾಟಲಿಯೊಳಗೆ ಏನಾಗುತ್ತೆ

ಈಗ ನೇರವಾಗಿ ವಿಷಯಕ್ಕೆ ಬರೋಣ. ಒಂದೊಂದಾಗಿ ಹೇಳ್ತೀನಿ.

ಶಾಂಪೂ. ಇದರಲ್ಲಿ ಹೆಚ್ಚು ಪಾಲು ನೀರೇ. ಉಳಿದದ್ದು ಡಿಟರ್ಜೆಂಟ್, ಗಟ್ಟಿ ಮಾಡುವ ವಸ್ತು, ಕೊಳೆಯದಂತೆ ಕಾಯುವ ವಸ್ತು, ಬಣ್ಣ, ವಾಸನೆ. ಮುಚ್ಚಳ ಭದ್ರವಾಗಿದ್ದು ನೆರಳಲ್ಲಿದ್ದರೆ ಎರಡು ಮೂರು ವರ್ಷ ಆರಾಮ. ಪದರ ಬೇರೆಯಾಗಿದ್ದರೆ ಅಲ್ಲಾಡಿಸಿ. ಮತ್ತೆ ಒಂದಾದರೆ ಬಳಸಿ. ಕೊಳೆತ ವಾಸನೆ ಬಂದರೆ, ಲೋಳೆ ಎಳೆ ಕಂಡರೆ ಬಿಟ್ಟುಬಿಡಿ. ಹೀಗಾಗೋದಕ್ಕೆ ದೊಡ್ಡ ಕಾರಣ, ‘ಜಾಸ್ತಿ ದಿನ ಬರಲಿ’ ಅಂತ ಬಾಟಲಿಗೇ ನೀರು ಬೆರೆಸಿ ಇಡೋದು. ನೀರು ಬೆರೆತರೆ ಕಾಯುವ ವಸ್ತು ತೆಳುವಾಗುತ್ತೆ, ಅಂಟುವಾಳದ ನೀರಿಗೆ ಆದದ್ದೇ ಇದಕ್ಕೂ ಆಗುತ್ತೆ.

ದ್ರವ ಪಾಲಿಶ್. ಇದರಲ್ಲಿ ಎಣ್ಣೆ, ನೀರು, ಉಜ್ಜುವ ನುಣ್ಣನೆ ಪುಡಿ ಮೂರೂ ಒಟ್ಟಿಗಿರುತ್ತೆ. ಹಳೆಯದಾದರೆ ಪುಡಿ ತಳಕ್ಕೆ ಕೂತು ಗಟ್ಟಿಯಾಗುತ್ತೆ. ಅಲ್ಲಾಡಿಸಿದರೆ ಕರಗಿ ಒಂದಾಯಿತು ಅಂದ್ರೆ ಚಿಂತೆ ಇಲ್ಲ. ಬೆರಳಿಗೆ ಹರಳು ಸಿಕ್ಕರೆ ಬಣ್ಣದ ಮೇಲೆ ಹಾಕಬೇಡಿ, ಅದು ಪಾಲಿಶ್ ಅಲ್ಲ, ಉಪ್ಪುಕಾಗದ.

ಡ್ಯಾಶ್‌ಬೋರ್ಡ್, ಟಯರ್ ಹೊಳಪಿನ ದ್ರವ. ಇದರ ಸಿಲಿಕೋನ್ ಸುಲಭಕ್ಕೆ ಕೆಡಲ್ಲ. ಒಡೆಯೋದು ಅದರ ಮಿಶ್ರಣ. ಹಾಲು ಒಡೆದ ಹಾಗೆ ಕಂಡು, ಎಷ್ಟು ಅಲ್ಲಾಡಿಸಿದರೂ ಸೇರದಿದ್ದರೆ ಒಂದು ಕಡೆ ಜಿಡ್ಡು, ಒಂದು ಕಡೆ ನೀರು ಬೀಳುತ್ತೆ.

ಗಾಜು ಒರೆಸುವ ದ್ರವ. ಇದರ ಆಲ್ಕೊಹಾಲ್, ಅಮೋನಿಯ ಹಾರಿಹೋಗುವಂಥವು. ಮುಚ್ಚಳ ಸಡಿಲ ಇದ್ದರೆ ಕೊನೆಗೆ ಉಳಿಯೋದು ಬಣ್ಣದ ನೀರು.

ಸೆರಾಮಿಕ್ ಕೋಟಿಂಗ್. ಇದು ತೆರೆದ ಮೇಲೆ ಬೇಗ ಸಾಯುತ್ತೆ. ಗಾಳಿಯ ತೇವ ತಾಗಿದರೆ ಗಟ್ಟಿಯಾಗುವುದೇ ಇದರ ಕೆಲಸ. ಒಮ್ಮೆ ತೆರೆದ ಬಾಟಲಿಯೊಳಗೂ ಅದೇ ನಡೆಯುತ್ತಿರುತ್ತೆ. ಬಾಯಿಯ ಹತ್ತಿರ ಹರಳು ಕಂಡರೆ ಮುಗೀತು ಅಂತ ಲೆಕ್ಕ.

ಕಾಸ್ಟಿಕ್ ಸೋಡಾ. ವಾಟರ್ ಸರ್ವಿಸ್‌ನವರು ಎಂಜಿನ್ ಜಿಡ್ಡು ತೆಗೆಯಲು ಕೆಲವು ಕಡೆ ಇದನ್ನು ಬಳಸುತ್ತಾರೆ. ತೆರೆದಿಟ್ಟರೆ ಇದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಸೋಡಿಯಂ ಕಾರ್ಬೊನೇಟ್ ಆಗುತ್ತೆ. ಅರ್ಥ ಏನು? ಚೌಳಿನ ಬಿಳಿ ಪುಡಿಗೇ ಮರಳುತ್ತೆ.

ಬ್ಲೀಚ್. ಕಾರಿಗೆ ಇದನ್ನ ಮುಟ್ಟಿಸಲೇಬೇಡಿ. ಮನೆಗೆ ತಂದದ್ದಾದರೂ ಬಿಸಿಲಿಗೆ, ಬೆಳಕಿಗೆ ತಿಂಗಳುಗಳಲ್ಲೇ ಸೊರಗುತ್ತೆ.

ಇಲ್ಲಿ ಬಿಸಿಲಿನ ಮಾತು ಹೇಳಲೇಬೇಕು. ರಾಸಾಯನಿಕ ಕ್ರಿಯೆಗಳು ಹತ್ತು ಡಿಗ್ರಿ ಬಿಸಿ ಏರಿದರೆ ಸಾಮಾನ್ಯವಾಗಿ ಎರಡರಷ್ಟು ವೇಗವಾಗುತ್ತವೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಪಾವಗಡದ ಬಯಲಲ್ಲಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ಮುಟ್ಟಬಹುದು. ಅಲ್ಲಿ ಡಿಕ್ಕಿಯಲ್ಲಿ ಒಂದು ಬೇಸಿಗೆ ಕಳೆದ ಬಾಟಲಿಗೂ, ಮನೆಯ ಮೂಲೆಯಲ್ಲಿ ನಾಲ್ಕು ವರ್ಷ ಇದ್ದ ಬಾಟಲಿಗೂ ಹೋಲಿಸಿದರೆ ಮೊದಲನೆಯದೇ ಹೆಚ್ಚು ಮುದುಕ ಆಗಿರಬಹುದು. ಮುದ್ರಿಸಿದ ದಿನಾಂಕಕ್ಕೆ ಇದು ಗೊತ್ತಾಗಲ್ಲ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತಯಾರಾದ ತಿಂಗಳು, ವರ್ಷ ಬಾಟಲಿ ಮೇಲೆ ಇರಲೇಬೇಕು. ಕೊಳ್ಳುವಾಗ ಅದನ್ನ ನೋಡಿ. ಅದಕ್ಕಿಂತ ಮುಂಚೆ, ಅಂಗಡಿಯವರು ಬಾಟಲಿಗಳನ್ನ ಬಿಸಿಲು ಬೀಳುವ ಮುಂಭಾಗದಲ್ಲಿ ಜೋಡಿಸಿದ್ದಾರಾ ಅಂತ ನೋಡಿ.

ಎರಡು ಲೋಟದ ಪರೀಕ್ಷೆ

ಬಾಟಲಿ ಸತ್ತಿದೆಯೋ, ನೀರೇ ಸರಿ ಇಲ್ಲವೋ? ಕಂಡುಹಿಡಿಯೋಕೆ ಲ್ಯಾಬ್ ಬೇಡ. ಮುಚ್ಚಳ ಇರುವ ಎರಡು ಬಾಟಲಿ ತಗೊಳ್ಳಿ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಮಳೆ ನೀರು ಅಥವಾ ಶುದ್ಧ ನೀರಿನ ಘಟಕದ ನೀರು, ಒಂದೊಂದು ಲೋಟ. ಎರಡಕ್ಕೂ ಐದೈದು ಹನಿ ಶಾಂಪೂ. ಹತ್ತು ಸಲ ಕುಲುಕಿ. ಎರಡರಲ್ಲೂ ನೊರೆ ನಿಂತರೆ ಶಾಂಪೂ ಜೀವಂತ. ಮಳೆ ನೀರಲ್ಲಿ ಮಾತ್ರ ನಿಂತರೆ ಶಾಂಪೂ ಸರಿ, ತೊಂದರೆ ನೀರಿನದ್ದು. ಎರಡರಲ್ಲೂ ನಿಲ್ಲದಿದ್ದರೆ ಬಾಟಲಿಗೆ ವಿದಾಯ ಹೇಳಿ. ನೊರೆ ಅಂದರೆ ಕೊಳೆ ತೆಗೆಯುವ ಶಕ್ತಿ ಅಂತ ಪೂರ್ತಿ ಅರ್ಥ ಅಲ್ಲ, ಆದರೆ ಹೋಲಿಸಿ ನೋಡೋಕೆ ಇಷ್ಟು ಸಾಕು.

ಇನ್ನೊಂದು ಗೊಂದಲ. ತೊಳೆದ ಕಾರಿನ ಮೇಲೆ ಬಿಳಿ ಚುಕ್ಕೆ ಉಳಿದರೆ ಎಲ್ಲರೂ ಶಾಂಪೂ ಹಳೇದು ಅಂತಾರೆ. ಅದು ಶಾಂಪೂ ಅಲ್ಲ. ಗಡಸು ನೀರಿನ ಹನಿ ಬಿಸಿಲಿಗೆ ಆರಿ ಬಿಟ್ಟುಹೋದ ಲವಣ. ಕೆರೆಯಂಗಳದಲ್ಲಿ ನೆಲ ಆರಿದಾಗ ಬಿಳಿ ಪುಡಿ ಉಳಿಯೋದೂ ಇದೇ ರೀತಿ. ಪಾವಗಡದ ತಿರುಮಣಿ, ವಳ್ಳೂರು ಕಡೆಯ ಸೋಲಾರ್ ಪಾರ್ಕ್ ನೆನಪಿಸಿಕೊಳ್ಳಿ. ಸುಮಾರು 13,000 ಎಕರೆ, 2,000 ಮೆಗಾವ್ಯಾಟಿಗೂ ಹೆಚ್ಚು. ಅಷ್ಟೂ ಫಲಕಗಳ ಮೇಲ್ಮೈ ಗಾಜು. ಗಾಜಿನ ಮೇಲೆ ಗಡಸು ನೀರು ಆರಿದರೆ ಪೊರೆ ಕಟ್ಟಿ ಬೆಳಕು ತಡೆಯುತ್ತೆ. ಧೂಳು ತೆಗೆಯುವುದರ ಜೊತೆಗೆ ಯಾವ ನೀರಿನಲ್ಲಿ ತೆಗೆಯಬೇಕು ಅನ್ನೋದೂ ಅಲ್ಲಿ ದೊಡ್ಡ ಲೆಕ್ಕ. ಮನೆ ಮುಂದಿನ ಕಾರಿಗೂ ಅದೇ ಲೆಕ್ಕ, ಅಳತೆ ಚಿಕ್ಕದು ಅಷ್ಟೇ.

ಹಾಗಾದರೆ ಏನು ಮಾಡಬೇಕು? ಬಿಸಿಲೇರುವ ಮೊದಲು, ನೆರಳಲ್ಲಿ ತೊಳೆಯಿರಿ. ಹನಿ ಆರುವುದಕ್ಕೆ ಮುಂಚೆ ಒಣ ಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ಹಿಡಿದಿಟ್ಟ ನೀರು ಒಂದು ಬಕೆಟ್ ಇದ್ದರೆ ಕೊನೆಯ ತೊಳೆತಕ್ಕೆ ಅದನ್ನೇ ಬಳಸಿ. ಕುಡಿಯುವ ನೀರಿಗೆ ಕ್ಯಾನ್ ಹಿಡಿದು ನಿಲ್ಲುವ ಊರಲ್ಲಿ ಘಟಕದ ನೀರು ಕಾರಿಗೆ ಸುರಿಯಿರಿ ಅಂತ ನಾನು ಹೇಳಲ್ಲ.

ಯಾರ ಕೈಯಲ್ಲಿ ಇದೆ ಈ ವಿದ್ಯೆ?

ಕೊನೆಗೆ ಒಂದು ಮಾತು. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಅಗಸರೂ ಒಬ್ಬರು. ಸುಗ್ಗಿಯಲ್ಲಿ ಕೊಡುವ ಕಾಳೇ ಅವರ ಕೂಲಿ. ಯಾವ ಕೆರೆಯ ಚೌಳು ಖಾರ, ಯಾವುದು ಮಂದ, ಯಾವ ಬಟ್ಟೆಗೆ ಎಷ್ಟು ಹಾಕಬೇಕು, ಎಷ್ಟು ಹೊತ್ತು ಬೇಯಿಸಬೇಕು ಅನ್ನೋದೆಲ್ಲ ಅವರ ಕೈಗೂ ನಾಲಗೆಗೂ ಗೊತ್ತಿತ್ತು. ರಸಾಯನಶಾಸ್ತ್ರ ಅಂತ ಯಾರೂ ಕರೆಯಲಿಲ್ಲ. ಮೈಲಿಗೆ ಕೆಲಸ ಅಂತ ಕರೆದರು. ಚೌಳಿನಲ್ಲಿ ಬಿರಿದ ಬೆರಳಿಗೆ ಬೆಲೆಯೂ ಸಿಗಲಿಲ್ಲ, ಅದರೊಳಗಿನ ತಿಳಿವಳಿಕೆಗೆ ಹೆಸರೂ ಸಿಗಲಿಲ್ಲ.

ಇವತ್ತು ಅದೇ ಕ್ಷಾರ, ಜೊತೆಗೆ ಆಮ್ಲ, ಹೆದ್ದಾರಿ ಬದಿಯ ವಾಟರ್ ಸರ್ವಿಸ್‌ಗಳಲ್ಲಿ ಬೇರೆ ಹುಡುಗರ ಕೈಗೆ ಬಂದಿದೆ. ರಾಷ್ಟ್ರೀಯ ಹೆದ್ದಾರಿ 48 ಶಿರಾ ಮೇಲೆ ಹಾದುಹೋಗುತ್ತೆ, ಲಾರಿಗಳಿಗೆ ಬಿಡುವಿಲ್ಲ. ಒಳಗೆ ಏನಿದೆ ಅಂತ ಲೇಬಲ್ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಹೇಳುತ್ತೆ. ಎಷ್ಟೋ ಸಲ ಲೇಬಲ್ಲೇ ಇಲ್ಲದ ಕ್ಯಾನಿನಲ್ಲಿ ಬಂದಿರುತ್ತೆ. ಶಕ್ತಿ ಕುಂದಿದ ಕ್ಷಾರ ಸಾಕಾಗಲಿಲ್ಲ ಅಂತ ಇನ್ನಷ್ಟು ಸುರಿಯುತ್ತಾರೆ, ಬರಿಗೈಯಲ್ಲಿ. ಹಳೇ ದ್ರಾವಣದ ನಿಜವಾದ ಅಪಾಯ ಇಲ್ಲಿದೆ. ಅದು ಕೆಲಸ ಮಾಡದೇ ಇರೋದಕ್ಕಿಂತ, ಎಷ್ಟು ಕೆಲಸ ಮಾಡುತ್ತೆ ಅಂತ ಅದನ್ನ ಹಿಡಿದವರಿಗೆ ಗೊತ್ತಿಲ್ಲದೇ ಇರೋದು.

ಹಾಗಾಗಿ ಗಾಡಿ ತೊಳೆಸೋಕೆ ಹೋದಾಗ ಎರಡು ವಿಷಯ ಕೇಳಿ. ‘ಏನಪ್ಪ, ಯಾವುದು ಹಾಕ್ತಿದ್ದೀಯ?’ ಅಂತ ಒಂದು. ‘ಗ್ಲೌಸ್ ಎಲ್ಲಿ?’ ಅಂತ ಇನ್ನೊಂದು. ಎರಡನೆಯದನ್ನ ಹುಡುಗನನ್ನಲ್ಲ, ಮಾಲೀಕರನ್ನ ಕೇಳಿ.

ಮನೆಯಲ್ಲಿರುವ ಹಳೇ ಬಾಟಲಿಗೆ ಉತ್ತರ ಈಗ ನಿಮ್ಮ ಹತ್ತಿರವೇ ಇದೆ. ಕುಲುಕಿ ನೋಡಿ, ಮೂಸಿ ನೋಡಿ, ಮಳೆ ನೀರಲ್ಲಿ ಪರೀಕ್ಷೆ ಮಾಡಿ. ಬದುಕಿದ್ದರೆ ಬಳಸಿ. ಸತ್ತಿದ್ದರೆ ಕೆರೆಗೆ, ಚರಂಡಿಗೆ ಸುರಿಯಬೇಡಿ.